ಯೂವರ್ಲ್ಡ್ ಸ್ಟೆಪ್ 3 ಕ್ಯೂಬ್ಯಾಂಕ್: ಇಂಟರ್ನ್ ವರ್ಷದಲ್ಲಿ ಬಳಸಿದ ಮೇಲೆ

ಅಮೆರಿಕದಲ್ಲಿ ವೈದ್ಯರಾಗಲು ಬರೆಯುವ ಯುಎಸ್‌ಎಂಎಲ್‌ಇ ಪರೀಕ್ಷೆಯ ಕೊನೆಯ ಹಂತ ಸ್ಟೆಪ್ 3. ಅದಕ್ಕೆ ಏನು ಓದಬೇಕು ಅಂತ ಯಾವ ಸೀನಿಯರ್ ರೆಸಿಡೆಂಟನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: "ಯೂವರ್ಲ್ಡ್ ತಗೋ, ಸಾಕು." ಯೂವರ್ಲ್ಡ್ ಅಂದರೆ ದುಡ್ಡು ಕೊಟ್ಟು ಬಳಸುವ ಆನ್‌ಲೈನ್ ಪ್ರಶ್ನೆಗಳ ಭಂಡಾರ, ಅಂದರೆ ಕ್ಯೂಬ್ಯಾಂಕ್. ಮಾತು ಸರಿಯೇ. ಆದರೆ ಯಾವಾಗ ತಗೋಬೇಕು, ಅದರ ಯಾವ ಭಾಗದಿಂದ ಕೊಟ್ಟ ದುಡ್ಡು ವಸೂಲಾಗುತ್ತದೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ, ಅಂದರೆ ತಜ್ಞ ತರಬೇತಿಗೆ ಸೇರಿದವಳು. ಅದರ ಮೊದಲ ವರ್ಷವೇ ಇಂಟರ್ನ್ ವರ್ಷ. ನಮ್ಮ ಕಡೆಯಿಂದ ಬಂದವರಿಗೆ ಇದು ಎಷ್ಟು ಉಪಯೋಗ ಅನ್ನುವುದಷ್ಟೇ ಇಲ್ಲಿ ನನ್ನ ಲೆಕ್ಕ.

ಸ್ಟೆಪ್ 3 ಎರಡು ದಿನದ ಪರೀಕ್ಷೆ. ಮೊದಲ ದಿನ 232 ಪ್ರಶ್ನೆ. ಎರಡನೇ ದಿನ 180 ಪ್ರಶ್ನೆ, ಜೊತೆಗೆ ಕಂಪ್ಯೂಟರ್ ಮೇಲೆ ರೋಗಿಗೆ ಚಿಕಿತ್ಸೆ ಕೊಡುವ 13 ಕೇಸ್. ಇದಕ್ಕೆ ಸಿಸಿಎಸ್ ಅನ್ನುತ್ತಾರೆ. ಪಾಸಾಗಲು 2024ರಿಂದ 200 ಅಂಕ ಬೇಕು, ಮೊದಲು 198 ಇತ್ತು. ಶುಲ್ಕವೇ 900 ಡಾಲರ್ ದಾಟುತ್ತದೆ. ಪರೀಕ್ಷಾ ಕೇಂದ್ರ ಅಮೆರಿಕದಲ್ಲಿ ಮಾತ್ರ. "ಹೇಗೋ ಪಾಸಾಗ್ತೀಯ ಬಿಡು" ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಆ ದುಡ್ಡು ಎರಡನೇ ಸಲ ಕಟ್ಟಬೇಕಾದವರು ಹಾಗೆ ಹೇಳಲಾರರು.

ಈಗ ಕ್ಯೂಬ್ಯಾಂಕ್ ವಿಷಯ. ಪ್ರಶ್ನೆಗಳ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ಸರಿ ಉತ್ತರ ಯಾಕೆ ಸರಿ ಅನ್ನುವುದಕ್ಕಿಂತ, ಉಳಿದ ಆಯ್ಕೆಗಳು ಯಾಕೆ ತಪ್ಪು ಅಂತ ಬರೆದಿರುವುದೇ ಇದರ ಜೀವಾಳ. ವಾರ್ಡಿನಲ್ಲಿ ಸೋಡಿಯಂ ಕಡಿಮೆ ಇರುವ ರೋಗಿ ಬಂದ ದಿನ ರಾತ್ರಿ ಅದೇ ವಿಷಯದ ನಾಲ್ಕೈದು ಪ್ರಶ್ನೆ ಮಾಡಿದರೆ, ಮರುದಿನ ರೌಂಡ್ಸ್‌ನಲ್ಲಿ ಅಟೆಂಡಿಂಗ್ (ನಮ್ಮ ಮೇಲ್ವಿಚಾರಣೆ ಮಾಡುವ ಹಿರಿಯ ವೈದ್ಯರು) ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ. ನನಗೆ ಪರೀಕ್ಷೆಗಿಂತ ಇದೇ ಜಾಸ್ತಿ ಕೆಲಸಕ್ಕೆ ಬಂತು.

ನಮ್ಮ ಎಂಬಿಬಿಎಸ್ ಓದಿನಲ್ಲಿ ಅಷ್ಟಾಗಿ ಇಲ್ಲದ್ದು ಎರಡು. ಒಂದು, ಯಾವ ವಯಸ್ಸಿಗೆ ಯಾವ ತಪಾಸಣೆ ಅನ್ನುವುದು. ಕರುಳಿನ ಕ್ಯಾನ್ಸರ್ ತಪಾಸಣೆ 45ಕ್ಕೆ ಶುರು. ಮ್ಯಾಮೊಗ್ರಾಂ 40ಕ್ಕೆ, ಎರಡು ವರ್ಷಕ್ಕೊಮ್ಮೆ. ಸಿಗರೇಟು ಸೇದಿದ ಗಂಡಸರಿಗೆ 65ರಿಂದ 75ರೊಳಗೆ ಒಂದು ಸಲ ಹೊಟ್ಟೆಯ ಅಲ್ಟ್ರಾಸೌಂಡ್. ಆರ್ಗನೋಫಾಸ್ಫರಸ್ ವಿಷ, ಹಾವು ಕಡಿತ ನಿದ್ದೆಗಣ್ಣಲ್ಲೂ ನಿಭಾಯಿಸುವ ನಮಗೆ ಇವೆಲ್ಲ ಹೊಸದು. ಇನ್ನೊಂದು ನೀತಿಯ ಪ್ರಶ್ನೆಗಳು. "ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ" ಅಂತ ಮಗ ಬಂದು ಕೈಮುಗಿದರೆ ಊರಲ್ಲಿ ನಾವು ಸುಮ್ನೆ ತಲೆ ಆಡಿಸುತ್ತೇವೆ. ಇಲ್ಲಿ ಆ ಉತ್ತರಕ್ಕೆ ಸೊನ್ನೆ. ಎಷ್ಟು ತಿಳಿಯಬೇಕು ಅಂತ ರೋಗಿಯನ್ನೇ ಕೇಳಬೇಕು. ಈ ಎರಡು ಭಾಗ ಮಾತ್ರ ಒಂದೂ ಪ್ರಶ್ನೆ ಬಿಡದೆ ಮಾಡಿ. ಉಳಿದದ್ದರಲ್ಲಿ ಅರ್ಧ ಬಿಟ್ಟರೂ ನಡೆಯುತ್ತದೆ.

ಮೊದಲ ದಿನದ ಬಯೋಸ್ಟ್ಯಾಟಿಸ್ಟಿಕ್ಸ್ (ವೈದ್ಯಕೀಯ ಸಂಖ್ಯಾಶಾಸ್ತ್ರ) ಸಿಕ್ಕಾಪಟ್ಟೆ. ಸಂಶೋಧನಾ ಲೇಖನದ ಸಾರಾಂಶ ಕೊಟ್ಟು, ಔಷಧದ ಜಾಹೀರಾತು ಕೊಟ್ಟು ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಯೂವರ್ಲ್ಡ್‌ನಲ್ಲಿ ಬೇರೆಯೇ ಒಂದು ಚಿಕ್ಕ ಪ್ಯಾಕ್ ಇದೆ. ಪರೀಕ್ಷೆಗೆ ಹತ್ತಿರದಲ್ಲಿ ತಗೊಂಡರೆ ಸಾಕು, ಸೂತ್ರಗಳು ಬೇಗ ಮರೆತುಹೋಗುತ್ತವೆ.

ಆದರೆ ನಾನು ನಿಜವಾಗಿ ದುಡ್ಡು ಕೊಡುವುದು ಸಿಸಿಎಸ್ ಭಾಗಕ್ಕೆ. ಆರು ತಿಂಗಳು ವಾರ್ಡಿನಲ್ಲಿ ದುಡಿದ ಇಂಟರ್ನ್‌ಗೆ ಇದು ಸುಲಭ ಅನ್ನಿಸಬೇಕು, ಅಲ್ವಾ? ಹಾಗಾಗುವುದಿಲ್ಲ. ಆಸ್ಪತ್ರೆಯ ಸಾಫ್ಟ್‌ವೇರ್‌ನಲ್ಲಿ ಡಿಕೆಎಗೆ (ಸಕ್ಕರೆ ಕಾಯಿಲೆ ಕೈಮೀರಿ ರಕ್ತ ಆಮ್ಲೀಯವಾಗುವ ಸ್ಥಿತಿ) ಮೊದಲೇ ಸಿದ್ಧವಿರುವ ಆರ್ಡರ್ ಸೆಟ್ ತೆರೆದು ಟಿಕ್ ಹಾಕಿದರೆ ಮುಗಿಯಿತು. ಇಲ್ಲಿ ಐವಿ ಲೈನ್‌ನಿಂದ ಹಿಡಿದು ಎಲ್ಲವನ್ನೂ ನೀವೇ ನೆನಪು ಮಾಡಿಕೊಂಡು ಟೈಪ್ ಮಾಡಬೇಕು. ಸಲೈನ್, ಇನ್ಸುಲಿನ್, ಪೊಟ್ಯಾಸಿಯಂ, ಗಂಟೆಗೊಮ್ಮೆ ಗ್ಲೂಕೋಸ್, ಐಸಿಯುಗೆ ವರ್ಗ. ಡೋಸ್ ಕೇಳುವುದಿಲ್ಲ, ಅಷ್ಟು ಪುಣ್ಯ. ಗಡಿಯಾರ ತಾನಾಗಿ ಓಡುವುದಿಲ್ಲ, ನೀವೇ ಮುಂದೆ ತಳ್ಳಬೇಕು. ಜಾಸ್ತಿ ತಳ್ಳಿದರೆ ರೋಗಿ ಕೆಡುತ್ತಾನೆ. ತಳ್ಳದಿದ್ದರೆ ರಿಪೋರ್ಟ್ ಬರುವುದಿಲ್ಲ. ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಲೂ ಆ ಗಡಿಯಾರದಲ್ಲಿ ಸಮಯ ಹೋಗುತ್ತದೆ. ಹಾಗಾಗಿ ಬಿಪಿ ಬಿದ್ದ ರೋಗಿಗೆ ಎದೆ, ಹೊಟ್ಟೆ ಮಾತ್ರ ನೋಡಿ ಚಿಕಿತ್ಸೆ ಶುರು ಮಾಡಬೇಕು. ಕೇಸಿನ ಕೊನೆಯ ಎರಡು ನಿಮಿಷದ ಪರದೆ ಬಂದಾಗ ಸಿಗರೇಟು ಬಿಡಿ, ಇನ್ಸುಲಿನ್ ಹೀಗೆ ತಗೊಳ್ಳಿ ಅನ್ನುವ ಸಲಹೆಗಳನ್ನೂ ಆರ್ಡರ್ ಹಾಕಬೇಕು. ಇದೆಲ್ಲ ವೈದ್ಯಕೀಯ ಜ್ಞಾನದ ಮಾತಲ್ಲ, ಆ ಪರದೆಯ ಅಭ್ಯಾಸ. ಓದಿ ಬರುವುದಲ್ಲ. ಯೂವರ್ಲ್ಡ್‌ನಲ್ಲಿ ಸುಮ್ಮನೆ ಓದುವ ಕೇಸ್‌ಗಳೂ ಇವೆ, ಕೈಯಾರೆ ಮಾಡುವ ಕೇಸ್‌ಗಳೂ ಇವೆ. ಎರಡನೆಯವನ್ನು ಮೊದಲು ಮುಗಿಸಿ. ಯುಎಸ್‌ಎಂಎಲ್‌ಇ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುವ ಮಾದರಿ ಕೇಸ್‌ಗಳನ್ನೂ ಬಿಡಬೇಡಿ, ಪರೀಕ್ಷೆಯ ದಿನ ಕಾಣುವುದು ಅದೇ ಪರದೆ.

ಸಬ್‌ಸ್ಕ್ರಿಪ್ಷನ್ ಎಷ್ಟು ದಿನಕ್ಕೆ? ಜುಲೈಯಲ್ಲಿ ಉತ್ಸಾಹದಿಂದ ಇಡೀ ವರ್ಷದ್ದು ತಗೊಳ್ಳುವವರು ಬಹಳ. ಕೆಲಸ ವಾರಕ್ಕೆ 80 ಗಂಟೆ ಮೀರಬಾರದು ಅಂತ ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವ ಎಸಿಜಿಎಂಇ ಸಂಸ್ಥೆಯ ನಿಯಮ, ಅದೂ ನಾಲ್ಕು ವಾರದ ಸರಾಸರಿ. ಐಸಿಯು ತಿಂಗಳಲ್ಲಿ ಮನೆಗೆ ಬಂದರೆ ಅನ್ನ ಸಾರು ಬಿಸಿ ಮಾಡಿಕೊಳ್ಳುವುದೇ ದೊಡ್ಡ ಸಾಧನೆ. ನಿಮ್ಮ ವೇಳಾಪಟ್ಟಿಯಲ್ಲಿ ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ವಿಭಾಗದ ಅವಧಿ) ಎಲ್ಲಿದೆ, ಕ್ಲಿನಿಕ್ ವಾರ ಯಾವಾಗ ಅಂತ ಮೊದಲು ನೋಡಿ, ಅದಕ್ಕೆ ಹೊಂದುವ ಮೂರು ತಿಂಗಳು ತಗೊಳ್ಳಿ. ನಾಲ್ಕು ವಾರ ವಾರ್ಡ್, ಒಂದು ವಾರ ಕ್ಲಿನಿಕ್ ಅನ್ನುವ ಕಡೆ ಇದ್ದರೆ ಕ್ಲಿನಿಕ್ ವಾರದ ಸಂಜೆಗಳೇ ನಿಮ್ಮ ಓದು. 

ಎಚ್-1ಬಿ (ಕೆಲಸದ) ವೀಸಾ ಬೇಕೆನ್ನುವವರಿಗೆ ಇಂಟರ್ನ್ ವರ್ಷದಲ್ಲಿ ಓದುವ ಈ ಸಲಹೆ ಹೊಂದುವುದಿಲ್ಲ. ಅವರು ರೆಸಿಡೆನ್ಸಿಗೆ ಸೇರುವ ಮುಂಚೆಯೇ ಸ್ಟೆಪ್ 3 ಮುಗಿಸಬೇಕು. ಜೆ-1 (ವಿನಿಮಯ) ವೀಸಾ ಮೇಲೆ ಬರುವವರಿಗೆ ಆ ಅವಸರವಿಲ್ಲ. ವಾರ್ಡಿನ ಅನುಭವ ಇಲ್ಲದೆ ಮಾಡುವುದಾದರೆ ಕ್ಯೂಬ್ಯಾಂಕಿಗೆ ಇನ್ನಷ್ಟು ಸಮಯ ಕೊಡಿ.

ಎರಡು ದಿನದ ಪರೀಕ್ಷೆಯನ್ನು ಬೆನ್ನುಬೆನ್ನಿಗೇ ಬರೆಯಬೇಕಿಲ್ಲ. ಪ್ರೋಗ್ರಾಂ ರಜೆ ಕೊಟ್ಟರೆ ನಡುವೆ ನಾಲ್ಕೈದು ದಿನ ಬಿಟ್ಟು ತಾರೀಖು ಹಿಡಿಯಿರಿ. ಆ ದಿನಗಳಲ್ಲಿ ಸಿಸಿಎಸ್ ಬಿಟ್ಟು ಬೇರೇನೂ ತೆರೆಯಬೇಡಿ.