8 ಜಿಬಿ ನೋಡಿ ರೆಟ್ರೊ ಗೇಮಿಂಗ್ ಕಿಟ್ ಕೊಳ್ಳಬೇಡಿ, ಮೊದಲು ಮುಚ್ಚಳದ ಒಳಭಾಗ ನೋಡಿ

ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಕೂರಿಸಿದ, ಹಳೆಯ ಆಟಗಳನ್ನು ಆಡಿಸುವ ಪುಟ್ಟ ಕಂಪ್ಯೂಟರ್‌ಗಳನ್ನು ಸಿದ್ಧ ಕಿಟ್ ಎಂದು ಮಾರುವವರು ಈಗ ಬಹಳ ಮಂದಿ. ಅಂಥದ್ದೊಂದನ್ನು ಕೊಂಡು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊಳ್ಳುವ ಯೋಚನೆಯಲ್ಲಿರುವವರು ಹಣ ಕೊಡುವ ಮೊದಲು ಓದಿಬಿಡಿ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿದ್ದದ್ದು 8 ಜಿಬಿ ರ‍್ಯಾಮ್. ಅದರ ಕೆಳಗೆ ಫ್ಯಾನಿನ ಚಿತ್ರ. ಮೊದಲ ಕಾಲು ಗಂಟೆ ಆಟ ಸಲೀಸಾಗಿ ನಡೆಯಿತು. ಆಮೇಲೆ ನಿಂಟೆಂಡೊ 64 ಎಂಬ ಹಳೆಯ ಗೇಮ್ ಕನ್ಸೋಲ್‌ನ ಆಟಗಳಲ್ಲಿ ಸಂಗೀತ ಚಟಪಟಗುಟ್ಟತೊಡಗಿತು. ಡ್ರೀಮ್‌ಕಾಸ್ಟ್ ಎಂಬ ಇನ್ನೊಂದು ಹಳೆಯ ಕನ್ಸೋಲ್‌ನ ಆಟಗಳಂತೂ ಹೆಜ್ಜೆಹೆಜ್ಜೆಗೂ ತಡವರಿಸಿದವು. ಯಂತ್ರವನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದರೆ ಎಲ್ಲ ಸರಿ. ಮಾರಿದವರನ್ನು ಕೇಳಿದಾಗ ಮೊದಲು ಎಮ್ಯುಲೇಟರ್ (ಹಳೆಯ ಕನ್ಸೋಲನ್ನು ಅನುಕರಿಸಿ ಅದರ ಆಟ ನಡೆಸುವ ತಂತ್ರಾಂಶ) ಸೆಟ್ಟಿಂಗ್ ಬದಲಿಸಿ ಎಂದರು, ನಂತರ ಆಟಗಳ ಫೈಲ್‌ಗಳೇ ಕೆಟ್ಟಿರಬೇಕು ಎಂದರು, ಕೊನೆಗೆ ಉತ್ತರಿಸುವುದನ್ನೇ ಬಿಟ್ಟರು. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತಪ್ಪು ಎಂಬ ಲಕ್ಷಣ ನಿಮಗೂ ಕಂಡರೆ ಸೆಟ್ಟಿಂಗ್‌ಗಳಲ್ಲಿ ಹುಡುಕುತ್ತಾ ಕೂರಬೇಡಿ.

ನಡೆಯುವುದು ಇಷ್ಟು. ಪೈ 4ರ ಚಿಪ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತದೆ. 85ಕ್ಕೆ ಬಂದರೆ ಗ್ರಾಫಿಕ್ಸ್ ಭಾಗವೂ ನಿಧಾನವಾಗುತ್ತದೆ. ಬ್ರೌಸರ್ ತೆರೆದುಕೊಂಡು ಕೂತವರಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ಎಮ್ಯುಲೇಟರ್ ಸೆಕೆಂಡಿಗೆ 60 ಚಿತ್ರಗಳನ್ನು ತಪ್ಪದೆ ಕೊಡಬೇಕು, ಅಂದರೆ ಒಂದೊಂದಕ್ಕೂ ಸಿಗುವುದು 17 ಮಿಲಿಸೆಕೆಂಡಿಗಿಂತ ಕಡಿಮೆ ಸಮಯ. ಅದು ತಪ್ಪಿದಾಗ ಹಲವೊಮ್ಮೆ ಕಣ್ಣಿಗಿಂತ ಮೊದಲು ಕಿವಿಗೇ ತಿಳಿಯುತ್ತದೆ, ಏಕೆಂದರೆ ಮುಂದೆ ನುಡಿಸಲು ಕೂಡಿಟ್ಟ ಧ್ವನಿ, ಅಂದರೆ ಬಫರ್, ಬರಿದಾಗುತ್ತದೆ.

ಮುಚ್ಚಳ ಬಿಚ್ಚಿ ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಮುಚ್ಚಳದ ಒಳಗಿದ್ದ ಅಲ್ಯೂಮಿನಿಯಂ ದಿಮ್ಮಿ ಚಿಪ್ಪಿನ ಮೇಲೆ ಒತ್ತಿ ಕೂರಬೇಕಿತ್ತು. ಶಾಖ ದಾಟಿಸಲು ನಡುವೆ ಇಟ್ಟ ಮೆತ್ತನೆಯ ಥರ್ಮಲ್ ಪ್ಯಾಡ್ ಎಷ್ಟು ತೆಳುವಾಗಿತ್ತೆಂದರೆ ಅದರ ಒಂದು ಮೂಲೆಯಲ್ಲಿ ಮಾತ್ರ ಚಿಪ್ಪಿನ ಅಚ್ಚು ಮೂಡಿತ್ತು. ಉಳಿದದ್ದೆಲ್ಲ ಗಾಳಿ, ಗಾಳಿಯ ಮೂಲಕ ಶಾಖ ದಾಟುವುದು ಬಲು ಕಷ್ಟ. ಇನ್ನು ಫ್ಯಾನ್ ತಿರುಗುತ್ತಿತ್ತು, ಸದ್ದೂ ಮಾಡುತ್ತಿತ್ತು. ಆದರೆ ಅದರ ಮೇಲ್ಗಡೆಯ ಪ್ಲಾಸ್ಟಿಕ್‌ನಲ್ಲಿ ಇದ್ದದ್ದು ಕೂದಲೆಳೆಯಂಥ ಸೀಳುಗಳು, ಬಿಸಿ ಗಾಳಿ ಹೊರಹೋಗಲು ಬೇರೆ ದಾರಿ ಇರಲಿಲ್ಲ. ಒಳಗಿನ ಬಿಸಿಯನ್ನೇ ಅದು ಸುತ್ತಿಸುತ್ತಿತ್ತು.

8 ಜಿಬಿಯ ವಿಷಯಕ್ಕೆ ಬರೋಣ. ಮೂಲ ಪ್ಲೇಸ್ಟೇಷನ್‌ನಲ್ಲಿ ಇದ್ದ ಮುಖ್ಯ ಮೆಮೊರಿ 2 ಎಂಬಿ. ನಿಂಟೆಂಡೊ 64ರಲ್ಲಿ 4 ಎಂಬಿ, ವಿಸ್ತರಣೆ ಹಾಕಿದರೆ 8. ಡ್ರೀಮ್‌ಕಾಸ್ಟ್‌ನಲ್ಲಿ 16. ಬರೇ 512 ಎಂಬಿ ಇರುವ ಪೈ ಝೀರೊ 2 ಡಬ್ಲ್ಯೂ ಕೂಡ ಪ್ಲೇಸ್ಟೇಷನ್ ಆಟಗಳನ್ನು ಆಡಿಸುತ್ತದೆ. ಎಮ್ಯುಲೇಟರ್‌ಗೆ ಬೇಕಾದದ್ದು ಪ್ರೊಸೆಸರಿನ ಒಂದೊಂದು ಕೋರಿನ ವೇಗ, ಅದೂ ಗಂಟೆಗಟ್ಟಲೆ ಕುಸಿಯದ ವೇಗ. ಪೈ ಬೋರ್ಡಿನ ರ‍್ಯಾಮ್ ಬೆಸುಗೆ ಹಾಕಿದ್ದು, ಮುಂದೆ ಬದಲಿಸಲಾಗದು, ಆದ್ದರಿಂದ ಈಗಲೇ ಹೆಚ್ಚಿನದನ್ನು ಕೊಳ್ಳಿ ಎಂದು ಮಾರುವವರು ಹೇಳುತ್ತಾರೆ. ಬದಲಿಸಲಾಗದು ಎಂಬುದು ನಿಜ. ಆದರೂ ಆಟಕ್ಕಷ್ಟೇ ಆದರೆ 2 ಜಿಬಿ ಸಾಕು. ಡೆಸ್ಕ್‌ಟಾಪ್ ಕೆಲಸವೂ ಬೇಕೆಂದರೆ, ಅಥವಾ ಇಡೀ ಸಿಡಿಯನ್ನು ಮೊದಲೇ ಮೆಮೊರಿಗೆ ತುಂಬಿಕೊಳ್ಳುವ ಸೌಲಭ್ಯವನ್ನು ಬಳಸುತ್ತೀರೆಂದರೆ 4. ಅದರಾಚೆಗಿನ ಹಣ ತಂಪಿಗೆ ಹೋಗಲಿ.

ಕಿಟ್‌ನೊಂದಿಗೆ ಬಂದ ಮೆಮೊರಿ ಕಾರ್ಡ್ ಇನ್ನೊಂದು ವಂಚನೆ. 256 ಜಿಬಿ ಎಂದು ಅಚ್ಚಾಗಿತ್ತು, ಒಳಗೆ ಅದರ ಕಾಲುಭಾಗವೂ ಇರಲಿಲ್ಲ. ಇಂಥ ಕಾರ್ಡ್ ತನ್ನ ಗಾತ್ರದ ಬಗ್ಗೆ ಸುಳ್ಳು ಹೇಳುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಕಳೆದುಹೋಗುತ್ತದೆ, ಇಲ್ಲವೇ ಹಳೆಯದರ ಮೇಲೆ ಬೀಳುತ್ತದೆ. ಅಕ್ಕನ ಮಗಳು ಪ್ರೀತಿಯಿಂದ ಆಡಿ ಉಳಿಸಿಟ್ಟಿದ್ದ ಆಟಗಳೆಲ್ಲ ಹೀಗೆ ಹಾಳಾದವು, ಈ ಇಡೀ ಪ್ರಕರಣದಲ್ಲಿ ನನಗೆ ಹೆಚ್ಚು ನೋವಾದದ್ದು ಅದಕ್ಕೇ. ಎಫ್3 ಅಥವಾ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿ, ಮರಳಿ ಓದಿ ಪರೀಕ್ಷಿಸುತ್ತವೆ. ಕಾರ್ಡ್ ಯಾವುದೇ ಇರಲಿ, ಬಳಸುವ ಮೊದಲೇ ಇದನ್ನು ಮಾಡಿ. ಸಾವಿರಾರು ಆಟಗಳನ್ನು ತುಂಬಿಸಿ ಕೊಡುವ ಕಾರ್ಡ್‌ಗಳಿಂದ ದೂರವಿರಿ, ಅವುಗಳಲ್ಲಿ ಕೃತಿಸ್ವಾಮ್ಯದ ಉಲ್ಲಂಘನೆಯೂ ಸೇರಿರುತ್ತದೆ.

ಬೇರೆಯ ಲೋಹದ ಪೆಟ್ಟಿಗೆ ತಂದೆ. ಅದರ ಮೇಲ್ಭಾಗವೇ ಕಂಬದಂತೆ ಇಳಿದು, ಸರಿಯಾದ ದಪ್ಪದ ಪ್ಯಾಡ್ ಮೂಲಕ ಚಿಪ್ಪನ್ನು ಒತ್ತುತ್ತದೆ; ಫ್ಯಾನೇ ಇಲ್ಲ. ಅದೇ ಬೋರ್ಡ್, ಅದೇ ಆಟ, ಈಗ ಬಿಸಿ 60ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಸದ್ದೂ ಇಲ್ಲ. ಪೈ 5 ಕೊಳ್ಳುವವರು ಅದರ ತಯಾರಕರದೇ ಆದ ಆ್ಯಕ್ಟಿವ್ ಕೂಲರ್ ಹಾಕಿಸಿಕೊಳ್ಳಿ, ಅದರ ಫ್ಯಾನ್ ಬಿಸಿಗೆ ತಕ್ಕಂತೆ ತಾನೇ ವೇಗ ಬದಲಿಸಿಕೊಳ್ಳುತ್ತದೆ.

ಈಗಾಗಲೇ ಕಿಟ್ ಕೊಂಡಿದ್ದರೆ ಅರ್ಧ ಗಂಟೆ ಭಾರವಾದ ಆಟ ಆಡಿ, ಕೂಡಲೇ ಆದೇಶ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ತಾಪಮಾನ ಮತ್ತು ಥ್ರಾಟ್ಲಿಂಗ್ (ಚಿಪ್ ವೇಗ ತಗ್ಗಿಸಿಕೊಳ್ಳುವುದು) ಸ್ಥಿತಿಯನ್ನು ತೋರಿಸುವ ಆದೇಶ ಕೊಟ್ಟು ನೋಡಿ. ಥ್ರಾಟ್ಲಿಂಗ್ ಮೌಲ್ಯ ಸೊನ್ನೆಯಾಗಿದ್ದರೆ ನಿಶ್ಚಿಂತೆ. ಸೊನ್ನೆಯಲ್ಲದಿದ್ದರೆ ಬಿಸಿ ಮಾತ್ರವಲ್ಲ, ಕಡಿಮೆ ವೋಲ್ಟೇಜ್ ಕೂಡ ಕಾರಣವಿರಬಹುದು. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು, ಹಳೆಯ ಮೊಬೈಲ್ ಚಾರ್ಜರ್ ಸಾಲದು. ಆ ಫಲಿತಾಂಶದ ಚಿತ್ರ ತೆಗೆದಿಟ್ಟುಕೊಳ್ಳಿ, ಮರಳಿಸುವ ಅವಧಿ ಮುಗಿಯುವುದರೊಳಗೆ ಮಾರಿದವರಿಗೆ ಕಳುಹಿಸಿ.