ತುಂಗಾ ಕೈಕೊಟ್ಟ ವಾರ: 389 ಡೈರೆಕ್ಟರಿ ಸರ್ವರ್ ನನಗೆ ಕಂಡ ಹಾಗೆ

ನಮ್ಮ ಕಾಲೇಜಿನ ಸರ್ವರ್ ರೂಮಿನಲ್ಲಿ ಮೂರು ನದಿಗಳಿದ್ದವು. ಕಾವೇರಿ, ಶರಾವತಿ, ತುಂಗಾ. ಮೂರೂ ಸರ್ವರುಗಳ ಹೆಸರು. ಮೂರರಲ್ಲೂ 389 ಡೈರೆಕ್ಟರಿ ಸರ್ವರ್, ಅಂದರೆ ಬಳಕೆದಾರರ ಹೆಸರು, ಪಾಸ್‌ವರ್ಡ್, ಗುಂಪುಗಳ ಲೆಕ್ಕ ಇಡುವ ಸಾಫ್ಟ್‌ವೇರು. ಲ್ಯಾಬ್ ಲಾಗಿನ್, ವೈಫೈ, ಲೈಬ್ರರಿ, ಎಲ್ಲದರ ಪಾಸ್‌ವರ್ಡೂ ಅದರೊಳಗೇ. ಯಾವ ಸರ್ವರಿನಲ್ಲಿ ಬದಲಾಯಿಸಿದರೂ ಉಳಿದೆರಡಕ್ಕೆ ತಾನಾಗಿ ಹೋಗುತ್ತದೆ. ಮಲ್ಟಿ ಮಾಸ್ಟರ್ ಅಂದರೆ ಇಷ್ಟೇ. ಕಳೆದ ತಿಂಗಳು ಒಂದು ಸೋಮವಾರ ತುಂಗಾದ ರೇಡ್ ಕಾರ್ಡ್ (ಡಿಸ್ಕುಗಳನ್ನು ನೋಡಿಕೊಳ್ಳುವ ಕಾರ್ಡು) ಕೈಕೊಟ್ಟಿತು. ಹೋಗುವಾಗ ಡಿಸ್ಕಿನಲ್ಲಿದ್ದದ್ದನ್ನೂ ಕೆಡಿಸಿಯೇ ಹೋಯಿತು.

ಮೊದಲು ಒಳ್ಳೆಯ ಮಾತು. ಯಾರಿಗೂ ಗೊತ್ತಾಗಲಿಲ್ಲ. ಹುಡುಗರು ಲಾಗಿನ್ ಆಗುತ್ತಲೇ ಇದ್ದರು, ಪಾಸ್‌ವರ್ಡ್ ಬದಲಾಯಿಸುತ್ತಲೇ ಇದ್ದರು. ನಾನೊಬ್ಬನೇ ಬೆವರುತ್ತಿದ್ದೆ. ಈ ಒಂದು ಕಾರಣಕ್ಕೇ ಈ ಸಾಫ್ಟ್‌ವೇರಿಗೆ ಮುಕ್ಕಾಲು ಅಂಕ ಕೊಟ್ಟಾಯಿತು. ಹಳೇ ಕುಲ ಇದು. ಬೇರು ಮಿಶಿಗನ್ ವಿಶ್ವವಿದ್ಯಾಲಯದ್ದು. ಆಮೇಲೆ ನೆಟ್‌ಸ್ಕೇಪ್ ಮನೆಯಲ್ಲಿ ಬೆಳೆಯಿತು. 2004ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡು, 2005ರಲ್ಲಿ ಎಲ್ಲರಿಗೂ ಬಿಟ್ಟಿತು. ಇಂಥ ಡೈರೆಕ್ಟರಿ ಜೊತೆ ಮಾತಾಡುವ ಪದ್ಧತಿಗೆ ಎಲ್‌ಡ್ಯಾಪ್ ಅನ್ನುತ್ತಾರೆ, 389 ಅನ್ನೋದು ಅದರ ಪೋರ್ಟಿನ ನಂಬರು. 2009ರಲ್ಲಿ ಅದನ್ನೇ ಹೆಸರಾಗಿ ಇಟ್ಟರು. ಕಾಸು ಕೊಡಬೇಕಿಲ್ಲ.

ಹೊಸ ಮಷೀನು ಬಂತು, ಭದ್ರಾ ಅಂತ ಹೆಸರಿಟ್ಟೆವು. ಇಲ್ಲಿಂದ ನನ್ನ ತಪ್ಪುಗಳ ಕಥೆ ಶುರು.

ಹೀಗೆ ಬರೆಯಬಲ್ಲ ಪ್ರತಿ ಸರ್ವರಿಗೂ, ಅಂದರೆ ಪ್ರತಿ ಮಾಸ್ಟರಿಗೂ, 1ರಿಂದ 65534ರ ಒಳಗೆ ಒಂದು ರೆಪ್ಲಿಕಾ (ಪ್ರತಿ) ನಂಬರು ಇರಬೇಕು. ತುಂಗಾದ್ದು 3 ಆಗಿತ್ತು. ಖಾಲಿ ಇದೆಯಲ್ಲಾ ಅಂತ ಭದ್ರಾಗೆ ಅದನ್ನೇ ಕೊಡಲು ಹೊರಟಿದ್ದೆ. ಪುಣ್ಯಕ್ಕೆ ಕೈಪಿಡಿ ತೆರೆದೆ. ಪ್ರತಿ ಬದಲಾವಣೆಯ ಮೇಲೂ ಸಮಯದ ಜೊತೆ ಈ ನಂಬರಿನ ಮುದ್ರೆ ಇರುತ್ತದೆ. ಯಾವ ನಂಬರಿನಿಂದ ಎಲ್ಲಿಯವರೆಗೆ ಬಂದಿದೆ ಅಂತ ಪ್ರತಿ ಸರ್ವರೂ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಅದನ್ನು ಆರ್‌ಯುವಿ ಅನ್ನುತ್ತಾರೆ. ಹಳೇ ನಂಬರು ಹೊಸಬರಿಗೆ ಕೊಟ್ಟರೆ ಆ ಲೆಕ್ಕವೇ ಕೆಡುತ್ತದೆ. ಹಾಗಾಗಿ ಭದ್ರಾಗೆ 4.

ಮೂರನೇ ಸರ್ವರ್ ಸತ್ತರೂ ಆ ಪಟ್ಟಿಯಲ್ಲಿ 3 ತಾನಾಗಿ ಅಳಿಯುವುದಿಲ್ಲ. ತೀರಿಕೊಂಡ ಅಜ್ಜನ ಹೆಸರು ಪಹಣಿಯಲ್ಲಿ ಹಾಗೇ ಉಳಿದುಕೊಳ್ಳುತ್ತದಲ್ಲಾ, ಥೇಟ್ ಹಾಗೆ. ಪೌತಿ ಖಾತೆ ನಾವೇ ಮಾಡಿಸಬೇಕು. ಇಲ್ಲಿ ಅದಕ್ಕೆ ಕ್ಲೀನ್‌ಆಲ್‌ಆರ್‌ಯುವಿ ಅನ್ನುವ ಕೆಲಸವಿದೆ. ಒಂದು ಸರ್ವರಿನಲ್ಲಿ ಕೊಟ್ಟರೆ ಉಳಿದವರಿಗೂ ಅದೇ ಹೇಳುತ್ತದೆ. ಆದರೆ ಎಲ್ಲರೂ ಹಾಜರಿರಬೇಕು. ಸತ್ತ ಸರ್ವರಿಗೆ ಇದ್ದ ಅಗ್ರಿಮೆಂಟನ್ನು, ಅಂದರೆ ಅದಕ್ಕೆ ಬದಲಾವಣೆ ಕಳಿಸು ಅನ್ನುವ ಸೆಟ್ಟಿಂಗನ್ನು, ನಾನು ಕಾವೇರಿಯಲ್ಲಿ ಅಳಿಸಿ, ಶರಾವತಿಯಲ್ಲಿ ಮರೆತಿದ್ದೆ. ಎಲ್ಲಾ ರೆಪ್ಲಿಕಾಗಳೂ ಸಿಗುತ್ತಿಲ್ಲ, 10 ಸೆಕೆಂಡು ಬಿಟ್ಟು ನೋಡುತ್ತೇನೆ ಅಂತ ಲಾಗಿನಲ್ಲಿ ಬಂತು. ಆಮೇಲೆ 20, 40, 80. ಊಟ ಮಾಡಿಕೊಂಡು ಬಂದರೂ ಸತ್ತವರಿಗಾಗಿ ಕಾಯುತ್ತಲೇ ಕೂತಿತ್ತು! ಶರಾವತಿಯಲ್ಲೂ ಅಳಿಸಿದ ಮೇಲೆ ಮುಗಿಯಿತು. ಕಾಯದೆ ಬಲವಂತವಾಗಿ ಅಳಿಸುವ ಆಯ್ಕೆಯೂ ಇದೆ, ನಾನು ಅದನ್ನು ಮುಟ್ಟಲಿಲ್ಲ.

ಡೇಟಾ ತುಂಬಿಸೋದು ಸುಲಭ. ಕಾವೇರಿಯಿಂದ ಭದ್ರಾ ಕಡೆಗೆ ಇನಿಷಿಯಲೈಸ್ ಅಂದೆ, ಟೀ ಮುಗಿಯುವಷ್ಟರಲ್ಲಿ ಆಯಿತು. ದಿಕ್ಕು ಮಾತ್ರ ಎರಡು ಸಲ ಓದಿಕೊಳ್ಳಿ. ಯಾವುದಕ್ಕೆ ತುಂಬಿಸುತ್ತೀರೋ ಅದರಲ್ಲಿದ್ದದ್ದು ಪೂರ್ತಿ ಹೋಗುತ್ತದೆ. ಖಾಲಿ ಭದ್ರಾದಿಂದ ಕಾವೇರಿಗೆ ಕೊಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ, ನನ್ನ ಕೆಲಸವೂ ಇರುತ್ತಿರಲಿಲ್ಲ. ಅದಕ್ಕೆ ಮೊದಲು ಶರಾವತಿ, ಭದ್ರಾದ ಜನರೇಷನ್ ಐಡಿ (ಡೇಟಾ ಒಂದೇ ಮೂಲದ್ದು ಅನ್ನುವ ಗುರುತು) ಬೇರೆ ಇದೆ ಅಂತ ಕೂಗಾಡುತ್ತಿತ್ತು. ಸುಮ್ನೆ ಗಾಬರಿಯಾದೆ. ಕಾವೇರಿಯಿಂದ ಒಮ್ಮೆ ತುಂಬಿಸಿದ ಮೇಲೆ ಅದು ತಾನೇ ಸರಿಹೋಯಿತು. ಶರಾವತಿಯಿಂದ ಮತ್ತೆ ತುಂಬಿಸಬೇಕಾಗಿಲ್ಲ.

ಮುಗಿಯಿತು ಅಂದುಕೊಂಡು ಶುಕ್ರವಾರ ಕೂತಿದ್ದೆ. ಲ್ಯಾಬಿನವರು ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. "ಸಾರ್, ಇವನು ಮೊನ್ನೆ ಸೇರಿದ್ದು. ವೈಫೈ ಒಂದ್ಸಲ ಬರುತ್ತೆ, ಇನ್ನೊಂದ್ಸಲ ಬರಲ್ಲ." ಹಳೇ ಹುಡುಗರಿಗೆ ಏನೂ ತೊಂದರೆ ಇಲ್ಲ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ರೆಪ್ಲಿಕೇಷನ್, ಅಂದರೆ ಸರ್ವರುಗಳ ನಡುವೆ ನಕಲು ಕಳಿಸೋದು, ಡೇಟಾವನ್ನು ಒಯ್ಯುತ್ತದೆ, ಸರ್ವರಿನ ಸೆಟ್ಟಿಂಗುಗಳನ್ನಲ್ಲ. ಯಾರು ಯಾವ ಗುಂಪಿನಲ್ಲಿದ್ದಾರೆ ಅಂತ ಬರೆಯುವ ಮೆಂಬರ್‌ಆಫ್ ಪ್ಲಗಿನ್ ನಮ್ಮಲ್ಲಿ ಪ್ರತಿ ಸರ್ವರಿನಲ್ಲೂ ಬೇರೆಬೇರೆಯಾಗಿ ಓಡುತ್ತದೆ, ಅದು ಬರೆದದ್ದನ್ನು ದಿನದ ರೆಪ್ಲಿಕೇಷನ್ನಿನಿಂದ ಬಿಟ್ಟಿದ್ದೇವೆ. ಭದ್ರಾದಲ್ಲಿ ನಾನು ಅದನ್ನು ಆನ್ ಮಾಡಿರಲೇ ಇಲ್ಲ. ಹಳೇ ಹುಡುಗರದ್ದು ಮೊದಲು ತುಂಬಿಸಿದಾಗಲೇ ಬಂದಿತ್ತು, ಹೊಸಬನದ್ದು ಇರಲಿಲ್ಲ. ವೈಫೈ ಬಿಡೋದು ಗುಂಪು ನೋಡಿಯೇ. ಹುಡುಗನ ಮೊಬೈಲು ಭದ್ರಾ ಕಡೆ ಹೋದಾಗಲೆಲ್ಲ ಬಾಗಿಲು ಮುಚ್ಚಿತ್ತು. ಪ್ಲಗಿನ್ ಆನ್ ಮಾಡಿ, ಬಿಟ್ಟುಹೋದದ್ದನ್ನು ಬರೆದು ಸರಿಪಡಿಸುವ ಫಿಕ್ಸಪ್ ಓಡಿಸಿದೆ. ಇಂಡೆಕ್ಸು, ಸರ್ಟಿಫಿಕೇಟು, ಪಾಸ್‌ವರ್ಡ್ ಪಾಲಿಸಿ, ಇವೂ ಕೈಯಾರೆ ಹಾಕಬೇಕಾದವೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಈ ಸೆಟ್ಟಿಂಗ್ ವಿಷಯಕ್ಕೆ. ಹಳೇ ಪರ್ಲ್ ಸ್ಕ್ರಿಪ್ಟುಗಳ ಕಾಲಕ್ಕೆ ಹೋಲಿಸಿದರೆ ಸರ್ವರಿಗೆ ಸೆಟ್ಟಿಂಗ್ ಹಾಕುವ ಈಗಿನ ಡಿಎಸ್‌ಕಾನ್ಫ್ ಕಮಾಂಡು ಸ್ವರ್ಗ. ಬೇರೆಯವರು ಎರಡೇ ಸರ್ವರ್ ಇಡುತ್ತಾರೆ, ನಾನಾದರೆ ಮೂರೇ ಇಡುತ್ತೇನೆ. ಒಂದು ಸತ್ತಾಗ ನಿದ್ದೆ ಬರಬೇಕು, ಅಲ್ವಾ?

ಸರ್ವರ್ ರೂಮಿನ ಬೀರು ಬಾಗಿಲಿಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. 1 ಕಾವೇರಿ, 2 ಶರಾವತಿ, 4 ಭದ್ರಾ. ಮೂರರ ಮುಂದೆ ಕೆಂಪು ಪೆನ್ನಿನಲ್ಲಿ: ತುಂಗಾ, ಬಳಸಬೇಡಿ.