ಕ್ರೀಮ್ ಸ್ಟೌಟೋ, ಡ್ರೈ ಸ್ಟೌಟೋ?

ಸ್ಟೌಟ್ ಎಂಬ ಕಪ್ಪು ಬಿಯರ್‌ಗಳೆಲ್ಲ ಒಂದೇ ರುಚಿ ಎಂದು ಭಾವಿಸಿದವರು ಡಬ್ಲಿನ್‌ನ ಗಿನ್ನೆಸ್ ಡ್ರಾಫ್ಟ್ ಮತ್ತು ಅಮೆರಿಕದ ಕೊಲರಾಡೊದ ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟ್‌ಗಳನ್ನು ಅಕ್ಕಪಕ್ಕ ಇಟ್ಟು ಸವಿದು ನೋಡಬೇಕು. ಮಿಲ್ಕ್ ಸ್ಟೌಟನ್ನು ಕ್ರೀಮ್ ಸ್ಟೌಟ್ ಎಂದೂ ಕರೆಯುವುದುಂಟು. ಹೆಸರಿನಲ್ಲಿ ಕೆನೆಯಿದೆ, ಲೋಟದಲ್ಲಿಲ್ಲ. ತಯಾರಿಕೆಯಲ್ಲಿ ಸೇರಿಸುವ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಬಿಯರ್‌ನ ಯೀಸ್ಟ್ ಹುದುಗಿಸಲಾರದ್ದರಿಂದ ಅದು ಹಾಗೆಯೇ ಉಳಿದು, ಹುರಿದ ಧಾನ್ಯದ ಕಹಿಯನ್ನು ಮೃದುಗೊಳಿಸಿ, ಹಾಲು ಬೆರೆತ ಫಿಲ್ಟರ್ ಕಾಫಿಯನ್ನು ನೆನಪಿಸುವ ಸಿಹಿಯನ್ನೂ ನಾಲಿಗೆಯ ಮೇಲೆ ನಿಲ್ಲುವ ಸಾಂದ್ರತೆಯನ್ನೂ ಕೊಡುತ್ತದೆ. ಗಿನ್ನೆಸ್ ಡ್ರೈ ಸ್ಟೌಟ್, ಅಂದರೆ ಸಿಹಿಯಿಲ್ಲದ ಸ್ಟೌಟ್; ಅದರಲ್ಲಿ ಹುರಿದ ಬಾರ್ಲಿಯ ಕಹಿಯೇ ಮುಂದು. ಅದರ ನುಣುಪು ನೊರೆ ನೈಟ್ರೋಜನ್‌ನ ಕೊಡುಗೆಯೇ ಹೊರತು ಸಿಹಿಯ ಗುರುತಲ್ಲ.

ಬಣ್ಣ ಕಂಡು ಮದ್ಯಸಾರವನ್ನು ಅಳೆಯಬಾರದು: ಗಿನ್ನೆಸ್‌ನಲ್ಲಿ ಅದು ಶೇ. 4.2ರಷ್ಟು, ಲೆಫ್ಟ್ ಹ್ಯಾಂಡ್‌ನಲ್ಲಿ ಶೇ. 6ರಷ್ಟು. ಹಾಲು ಒಗ್ಗದವರಿಗೆ ಎರಡನೆಯದು ಸಲ್ಲದು. ಕ್ರೀಮ್ ಸ್ಟೌಟನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿದರೆ ಚಾಕೊಲೇಟಿನ ಪರಿಮಳ ಏಳುವುದಿಲ್ಲ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಬರುವವರೆಗೆ ಕಾಯುವುದು ಒಳಿತು. ಊಟದ ಜೊತೆಗಾದರೆ ನಾನು ಗಿನ್ನೆಸ್ಸನ್ನೇ ಆರಿಸುತ್ತೇನೆ. ಊಟ ಮುಗಿದ ಮೇಲೆ, ಒಂದೇ ಲೋಟವನ್ನು ನಿಧಾನವಾಗಿ ಸವಿಯುವುದಾದರೆ, ಕ್ರೀಮ್ ಸ್ಟೌಟ್.